ಅತ್ತೆಯ ಎಡಗೆನ್ನೆ

ಮುಳ್ಳು ಚುಚ್ಚಿದರೆ ನಾವು ನೀವೆಲ್ಲ ‘ಅಯ್ಯಮ್ಮಾ’ ಎನ್ನುತ್ತೇವೆ. ಹಾಲಾಡಿಯ ನನ್ನ ಸೋದರತ್ತೆ ‘ಆಹಾ’ ಎನ್ನುತ್ತಾರೆ! ಅದೂ ಕೈಯಾರೆ ಚುಚ್ಚಿಕೊಂಡು, ಅದೂ ಮುಖಕ್ಕೆ!

ಅತ್ತೆಯ ಎಡಗೆನ್ನೆಯಲ್ಲಿ ನರದ ನೋವು. ಗಾಳಿ ಸೋಕಿದರೂ ಕರೆಂಟು ಹೊಡೆದ ಹಾಗಾಗುತ್ತದಂತೆ. ಬೈಂದೂರಿನಲ್ಲಿರುವ ಅವರ ಮಗಳು ಒಮ್ಮೆ ನಾಲ್ಕು ತಿಂಗಳ ಮಗುವನ್ನು ಕರೆತಂದಿದ್ದಳು. ಮಗು ಆಡುತ್ತಾ ಅಜ್ಜಿಯ ಎಡಗೆನ್ನೆ ತಟ್ಟಿತು. ಅತ್ತೆ ಕಿರುಚಿದ ರಭಸಕ್ಕೆ ಮಗು ಬೆಚ್ಚಿ ಅತ್ತದ್ದೇ ಅತ್ತದ್ದು. ಹೊರಡುವ ತನಕ ಅಜ್ಜಿಯ ಕೈಗೆ ಹೋಗಲೇ ಇಲ್ಲ. ಅತ್ತೆ ಆ ದಿನ ಊಟ ಮಾಡಲಿಲ್ಲ.

ಕುಂದಾಪುರದ ಡಾಕ್ಟರ ಮಾತ್ರೆಯಿಂದ ನೋವು ಮುಕ್ಕಾಲು ಪಾಲು ತಗ್ಗಿತು. ಉಳಿದ ಕಾಲು ಪಾಲಿಗೆ ಅತ್ತೆ ತಾವೇ ಡಾಕ್ಟರಾದರು! ಪೇಟೆಯಲ್ಲಿ ಒಬ್ಬ ಅಕ್ಯುಪ್ರೆಶರ್ ಸಾಮಾನು ಹರಡಿಕೊಂಡು ಕೂತಿದ್ದ. ಮೈಯೆಲ್ಲ ಮುಳ್ಳುಮುಳ್ಳಾದ ಮರದ ರೋಲರೊಂದನ್ನು ಅತ್ತೆ ಎತ್ತಿ ನೇರ ಕೆನ್ನೆಗೆ ಒತ್ತಿಕೊಂಡರು. ಅವನು ಗಾಬರಿಯಿಂದ ಎದ್ದು ನಿಂತ.

“ಅಮ್ಮಾ, ಅದ್ ಅಂಗಾಲಿಗೆ ಮಾರಾಯ್ರೆ!”

“ಕಾಲಿಗ್ ಆಪ್ದ್ ಮುಖಕ್ಕೆ ಆತಿಲ್ಯಾ?”

ಅಲ್ಲಿಂದ ಶುರು ನೋಡಿ! ಗಂಜಿ ಉಂಡ ಮೇಲೆ ರೋಲರ್, ಧಾರಾವಾಹಿಯ ನಡುವೆ ಜಾಹೀರಾತು ಬಂದರೆ ರೋಲರ್. ಕುಂದಾಪುರದ ಬಸ್ಸಿನಲ್ಲೂ ಅದೇ. ಕಂಡಕ್ಟರ್ ಬಗ್ಗಿ ನೋಡಿದ.

“ಹ್ವಾಯ್ ಅಮ್ಮ, ಅದೆಂತ, ಹಲ್ಸಿನ್ ಗುಜ್ಜೆಯಾ?”

“ನಿನ್ ಗಡ್ಡಕ್ಕಿಂತ ಮೆತ್ತ್ಗಿತ್ತ್. ಟಿಕೆಟ್ ಕೊಡ್!”

ಡಾಕ್ಟರು ರೋಲರ್ ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡರು. “ಇದ್ರಿಂದ ಕಾಯ್ಲೆ ಗುಣ ಆತಿಲ್ಲೆ ಅಮ್ಮ. ಒತ್ತುದಾರೆ ಮೆಲ್ಲ ಒತ್ತಿ, ಮಾತ್ರೆ ಬಿಡ್ಬೇಡಿ” ಎಂದರು. ಅತ್ತೆ ಮಾತ್ರೆ ಬಿಡಲಿಲ್ಲ, ನಿಜ. ಆದರೆ ಊರಿಗೆಲ್ಲ ಸಾರಿದ್ದೇನು ಗೊತ್ತೇ? “ಒತ್ತಿ ಅಂತ ಡಾಕ್ಟ್ರೇ ಹೇಳಿರ್!”

ತಿಂಗಳೆರಡು ಕಳೆಯುವಷ್ಟರಲ್ಲಿ ಇನ್ನೊಂದು ಪವಾಡ! ಉಜ್ಜಿ ಉಜ್ಜಿ ಎಡಗೆನ್ನೆ ಮಿರಮಿರ ಮಿಂಚತೊಡಗಿತು. ಬಲಗೆನ್ನೆ ಪಾಪ, ಇದ್ದ ಹಾಗೇ ಇತ್ತು. ಎಡಕ್ಕೆ ನಲವತ್ತು ವರ್ಷ, ಬಲಕ್ಕೆ ಅರವತ್ತು! ಬ್ರಹ್ಮಾವರದ ಮದುವೆಯೊಂದರಲ್ಲಿ ಹೆಂಗಸರು ಮುತ್ತಿಕೊಂಡು ಗುಟ್ಟು ಕೇಳಿದರು. ಅತ್ತೆ ಬ್ಯಾಗಿನಿಂದ ರೋಲರ್ ತೆಗೆದು ತೋರಿಸಿದರು.

“ಹಾಂಗಾರೆ ಬಲ್‌ಬದಿಗೂ ಮಾಡುಕಾಗ್ದಾ?” ಎಂದಳೊಬ್ಬಳು.

“ಅದಕ್ಕೆ ಕಾಯ್ಲೆ ಇಲ್ಯಲೆ!”

ಒಂದು ದಿನ ರೋಲರ್ ಕಾಣೆಯಾಯಿತು. ಅತ್ತೆ ಮನೆಯನ್ನೇ ತಲೆಕೆಳಗು ಮಾಡಿದರು. ನೋಡಿದರೆ ಹಿತ್ತಲ ಜಗಲಿಯಲ್ಲಿ ಮಾವ ಕಣ್ಣು ಮುಚ್ಚಿ, ಪರಮಾನಂದದಲ್ಲಿ ಅದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಾರೆ! ಅತ್ತೆ ಅದನ್ನು ಕಸಿದುಕೊಂಡು ಸೋಪು ಹಾಕಿ ಮೂರು ಸಲ ತೊಳೆದರು. ನನಗೆ ನಗು ತಡೆಯಲಾಗಲಿಲ್ಲ.

“ಇನ್ನೂ ಎಷ್ಟ್ ಚೆಂದ ಆಯ್ಕ್ ಅತ್ತೆ ನಿಮ್ಗೆ?”

“ಚೆಂದ ಕಟ್ಕಂಡ್ ಎಂತ ಮಾಡುದ್ ಹೆಣ್ಣೆ?” ಅತ್ತೆ ರೋಲರ್ ಒರೆಸುತ್ತಾ ಹೇಳಿದರು. “ಮುಳ್ಳ್ ತಡ್ಕಂಬುಕೆ ಕಲ್ತ್ರೆ, ಮಗಿನ್ ಕೈ ತಡ್ಕಂಬುಕೆ ಆತ್ತಲ್ದಾ?”

ಇಷ್ಟು ದಿನ ಬಾಯಿ ತುಂಬ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮೊನ್ನೆ ಮಗಳು ಮತ್ತೆ ಬಂದಳು. ಮಗುವಿಗೆ ಈಗ ಎಂಟು ತಿಂಗಳು. ಯಾವಾಗಲೂ ಮಕ್ಕಳನ್ನು ಬಲಕ್ಕೇ ಎತ್ತಿಕೊಳ್ಳುವ ಅತ್ತೆ, ಆ ದಿನ ಎಡಕ್ಕೆ ಎತ್ತಿಕೊಂಡರು! ನಾನು ಕೂತಲ್ಲಿಂದ ಎದ್ದೆ. ಮಗು ಮಿಂಚುವ ಕೆನ್ನೆಯನ್ನೇ ದಿಟ್ಟಿಸಿ, ಐದೂ ಬೆರಳು ಅಗಲಿಸಿ ಪಟ್ಟೆಂದು ಬಾರಿಸಿತು. ಅತ್ತೆ ಕದಲಲಿಲ್ಲ. ಮಗು ಕೈಯನ್ನು ಅಲ್ಲೇ ಇಟ್ಟುಕೊಂಡು ಕೇಕೆ ಹಾಕಿತು. ಅತ್ತೆಯೂ ನಕ್ಕರು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ನೋಯ್ತಾ ಅತ್ತೆ?” ಎಂದೆ, ಹತ್ತಿರ ಹೋಗಿ.

“ನೋಯ್ತ್ ಮಾರಾಯ್ತಿ. ನೀ ಸುಮ್ನಿರ್, ಮಗು ಕೈ ತೆಗ್ದ್‌ಬಿಡ್ತ್.”