ಅಧಿಕಾರ ಬಂತು, ಕೀಲಿ ಬರಲಿಲ್ಲ

ನೀರು ಸರಬರಾಜು ಕೇಂದ್ರ ಕಚೇರಿಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಊರವರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿರುವ ನಾನು, ತಮ್ಮ ಬೂಟಿನ ಸದ್ದಿನಿಂದಲೇ ತಮ್ಮ ಆ ದಿನದ ಮನಃಸ್ಥಿತಿಯನ್ನು ತಿಳಿಯಬಲ್ಲಷ್ಟು ಹಳೆಯ ಪರಿಚಯದ ಸಲುಗೆಯಿಂದ, ಸಕಲ ಗೌರವಗಳೊಂದಿಗೆ ಬಿನ್ನವಿಸಿಕೊಳ್ಳುವುದೇನೆಂದರೆ: ಕಳೆದ ತಿಂಗಳು ತಮ್ಮ ಗುಮಾಸ್ತರು ನನ್ನ ಮೇಜಿನ ಮೇಲೆ ಬಾಗಿ, "ವಾರ್ಡ್ ಕಚೇರಿ ಮೇಲೆ ಒಂದು ಖಡಕ್ ದೂರು ಬರೀರಿ, ಐವತ್ತು ಸಹಿ ಹಾಕಿಸಿ. ನೀರಿನ ಅಧಿಕಾರ ಮತ್ತೆ ನಮ್ಮ ಕೈಗೇ ಬರುತ್ತೆ" ಎಂದು ಪಿಸುಗುಟ್ಟಿ ಹೋದರು. ನನ್ನ ಕೈ ದೂರಿನಲ್ಲಿ ಪಳಗಿದೆಯೆಂದು ತಾವು ಗುರುತಿಸಿದ್ದಕ್ಕೆ ನಾನು ಧನ್ಯ. ದೂರು ಇಗೋ, ಕೆಳಗಿದೆ.

ತಮ್ಮ ಆಳ್ವಿಕೆಯಲ್ಲಿ ನಮ್ಮ ಮೇಲಿನ ಬೀದಿಯ ನಲ್ಲಿಗಳು ಒಣಗಿದಾಗ ನಾನು ಮೂರು ಪುಟದ ಅರ್ಜಿ ಬರೆದೆ. ಅದು ತಮ್ಮ ನಾಲ್ಕೂ ಮಹಡಿಗಳನ್ನು ನಿಧಾನವಾಗಿ ಸಂದರ್ಶಿಸಿ, ಏಳನೇ ತಿಂಗಳಲ್ಲಿ "ಸದರಿ ಬೀದಿಯಲ್ಲಿ ನೀರಿನ ಕೊರತೆ ಕಂಡುಬಂದಿರುವುದಿಲ್ಲ" ಎಂಬ ಉತ್ತರವಾಗಿ ಮರಳಿತು. ಪರಿಶೀಲನೆಗೆ ಬಂದವರು ಮಳೆ ಸುರಿಯುವಾಗ ಬಂದಿದ್ದರಿಂದ ಅದು ಸುಳ್ಳೇನೂ ಅಲ್ಲ. ಅಷ್ಟೂ ತಿಂಗಳು ನನ್ನವಳು ಕೆಳಗಿನ ಬೀದಿಯಲ್ಲಿರುವ ನನ್ನ ಅಕ್ಕನ ಮನೆಯಿಂದ ಕೊಡ ಹೊತ್ತು ತಂದಳು. ಕೊಡಗಳ ಲೆಕ್ಕ ಹೆಚ್ಚಿದಂತೆ ಅತ್ತಿಗೆ ನಾದಿನಿಯರ ಮಾತು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು.

ಅಷ್ಟರಲ್ಲಿ ಸರ್ಕಾರ ನೀರಿನ ಹೊಣೆಯನ್ನು ವಾರ್ಡಿಗೆ ವಹಿಸಿತು. ಚುನಾಯಿತ ಅಧ್ಯಕ್ಷೆಯವರು ನಿವೃತ್ತ ದಾದಿ, ನಮಗೆಲ್ಲ ಸಿಸ್ಟರಮ್ಮ. ಕಚೇರಿ, ಮುಚ್ಚಿಹೋದ ಒಂದು ಕ್ಷೌರದಂಗಡಿ. ಗೋಡೆಯ ಕನ್ನಡಿಯನ್ನು ಯಾರೂ ತೆಗೆದಿಲ್ಲವಾದ್ದರಿಂದ, ಜಗಳಕ್ಕೆ ಬಂದವರು ಮೊದಲು ತಮ್ಮ ಮುಖವನ್ನೇ ನೋಡಿಕೊಳ್ಳಬೇಕಾಗುತ್ತದೆ. ನಾನು ಹೊಸದಾಗಿ ಟೈಪು ಮಾಡಿದ ಮೂರು ಪುಟ ಒಪ್ಪಿಸಿದರೆ, ಆ ಮಹಾತಾಯಿ ಒಂದೇ ಸಾಲು ಓದಿ, "ಮಿಕ್ಕಿದ್ದು ಆಮೇಲೆ ಓದ್ತೀನಿ. ವಾಲ್ವ್ ಎಲ್ಲಿದೆ ತೋರಿಸಿ, ನಡೀರಿ" ಎಂದು ಚಪ್ಪಲಿ ಮೆಟ್ಟಿದರು. ನನ್ನ ಗದ್ಯಕ್ಕೆ ಇಂಥ ಅವಮಾನ ತಮ್ಮಲ್ಲಿ ಎಂದೂ ಆಗಿರಲಿಲ್ಲ.

ವಾಲ್ವ್ ಸಿಕ್ಕಿತು. ಅದನ್ನು ತಿರುಗಿಸುವ ಕಬ್ಬಿಣದ ಕೀಲಿ ಮಾತ್ರ ತಮ್ಮ ಉಗ್ರಾಣದಲ್ಲಿತ್ತು. ಆದೇಶದಲ್ಲಿ ಅಧಿಕಾರ, ಕರ್ತವ್ಯ, ಜವಾಬ್ದಾರಿ ಎಲ್ಲವೂ ಇದ್ದು ಕೀಲಿಯ ಪ್ರಸ್ತಾಪವಿಲ್ಲದ್ದರಿಂದ, ಉಗ್ರಾಣದವರು ಕೊಡದೆ ಇದ್ದದ್ದು ನ್ಯಾಯವೇ. ಸಿಸ್ಟರಮ್ಮ ಮೂರು ದಿನ ಕಾದರು. ನಾಲ್ಕನೆಯ ದಿನ ವಾಲ್ವಿನ ತಲೆಯ ಅಳತೆಯನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಕಮ್ಮಾರನ ಬಳಿಗೆ ಹೋದರು. ಸಂಜೆ ನಮ್ಮ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಸುರಿಯಿತು. ನನ್ನವಳು ನಲ್ಲಿಯ ಕೆಳಗೆ ಕೈಯೊಡ್ಡಿಕೊಂಡು ನಿಂತಿದ್ದಳು.

ಮರುದಿನ ಕೆಳಗಿನ ಬೀದಿ ಒಣಗಿತು! ದೂರಿಗೆ ಸರಕು ಸಿಕ್ಕಿತೆಂದು ಹಿಗ್ಗಿ, ಖಾಲಿ ಕೊಡ ಹಿಡಿದು ವಾರ್ಡ್ ಕಚೇರಿಗೆ ಹೊರಟ ನನ್ನ ಅಕ್ಕನ ಹಿಂದೆ ನಾನೂ ಹೋದೆ. "ನಿಮ್ಮ ಅಧಿಕಾರ ನನ್ನ ತಮ್ಮನ ಬೀದಿಗೆ ಮಾತ್ರನಾ?" ಎಂದು ಅವಳು ಗುಡುಗಿದಳು. "ತಪ್ಪಾಯ್ತಮ್ಮ" ಎಂದರು ಸಿಸ್ಟರಮ್ಮ, "ಪೈಪಲ್ಲಿ ಬರೋದೇ ಇಷ್ಟು. ಎರಡೂ ಬೀದಿಯವ್ರು ಕೂತು ಹಂಚ್ಕೊಳ್ಳೋಣ." ಅಧಿಕಾರಸ್ಥರ ಬಾಯಿಂದ "ತಪ್ಪಾಯ್ತು" ಎಂಬ ಪದ ಕೇಳಿದ್ದು ಇಪ್ಪತ್ತಾರು ವರ್ಷಗಳಲ್ಲಿ ನನಗೆ ಅದೇ ಮೊದಲು. ಎರಡೂ ಬೀದಿಗಳು ಗಂಟಲು ಹರಿಯುವಷ್ಟು ಜಗಳವಾಡಿ, ಬೆಳಿಗ್ಗೆ ಮೇಲಿನವರಿಗೆ, ಸಂಜೆ ಕೆಳಗಿನವರಿಗೆ ಎಂದು ತೀರ್ಮಾನಿಸಿದವು. ಕೆಳಗಿನ ಬೀದಿಯ ತುದಿಯಲ್ಲಿರುವ ಸಿಸ್ಟರಮ್ಮನ ಮನೆಗೆ ಎಲ್ಲರಿಗಿಂತ ಕೊನೆಯಲ್ಲಿ ನೀರು. ಅಕ್ಕ ಮತ್ತು ನನ್ನವಳು ಈಗ ಮಾತಾಡುತ್ತಾರೆ, ಅದೂ ನನ್ನನ್ನು ಬೈಯುವ ವಿಷಯದಲ್ಲಿ ಏಕಕಂಠದಿಂದ.

ಇನ್ನು ಸಹಿಯ ವಿಚಾರ. ದರ್ಜಿ, "ಬೈಯೋಕಂತ ಹೋದ್ರೆ ಸಿಸ್ಟರಮ್ಮ ಕುರ್ಚಿ ಕೊಟ್ಟು ಕೂರಿಸ್ತಾರೆ, ಬೈಯೋದೇ ಮರ್ತುಹೋಗುತ್ತೆ" ಎಂದು ಕೈಚೆಲ್ಲಿದ. ಮೂರು ದಿನ ಒಂದೂ ಸಹಿ ಬೀಳಲಿಲ್ಲ. ಕೊನೆಗೆ ಅಕ್ಕ ಕಾಗದ ಕಸಿದುಕೊಂಡು, ನನ್ನ ಒಕ್ಕಣೆಯನ್ನೆಲ್ಲ ಹೊಡೆದುಹಾಕಿ, "ಚರಂಡಿ, ಬೀದಿದೀಪಾನೂ ಇವರಿಗೇ ಕೊಡಿ" ಎಂದು ಬರೆದು ಸಹಿ ಹಾಕಿದಳು. ಉಳಿದ ನಲವತ್ತೊಂಬತ್ತು ಒಂದೇ ಸಂಜೆಯಲ್ಲಿ ಬಂದವು. ತಾವು ಕೇಳಿದ ಐವತ್ತನ್ನೂ ಲಗತ್ತಿಸಿದ್ದೇನೆ.

ಆದ್ದರಿಂದ ಚರಂಡಿಯನ್ನು ಕಳಿಸುವಾಗ ಸಲಿಕೆಯನ್ನೂ, ದೀಪವನ್ನು ಕಳಿಸುವಾಗ ಏಣಿಯನ್ನೂ, ಎರಡಕ್ಕೂ ಆಳುಗಳನ್ನೂ ಜೊತೆಗೇ ಕಳಿಸಬೇಕೆಂದೂ, ನನ್ನ ಟೈಪ್‌ರೈಟರ್ ತುಕ್ಕು ಹಿಡಿಯದಂತೆ ಬಗೆಹರಿಯದ ಒಂದು ಸಣ್ಣ ಕುಂದುಕೊರತೆಯನ್ನಾದರೂ ತಮ್ಮಲ್ಲೇ ಕಾಪಾಡಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.

ಕೆಳಗಿಳಿದ ಅಧಿಕಾರವನ್ನು ಮತ್ತೆ ನಾಲ್ಕು ಮಹಡಿ ಹೊತ್ತೊಯ್ಯುವ ಶ್ರಮ ತಮಗೆ ಎಂದೂ ಬಾರದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಅರ್ಜಿಯವನು

ತಾ.ಕ.: ತಮ್ಮ ಕಟ್ಟಡವೂ ನಮ್ಮ ವಾರ್ಡಿಗೇ ಸೇರುತ್ತದೆಂದು ನಕ್ಷೆ ನೋಡಿ ತಿಳಿಯಿತು. ಎರಡನೇ ಮಹಡಿಯಲ್ಲಿ ವರ್ಷಗಳಿಂದ ತೊಟ್ಟಿಕ್ಕುತ್ತಿರುವ ನಲ್ಲಿಯನ್ನು ಸರಿಮಾಡಲು ಸಿಸ್ಟರಮ್ಮ ಗುರುವಾರ ಬರುತ್ತಾರೆ. ತಾವು ಅರ್ಜಿ ಕೊಡಬೇಕಿಲ್ಲ. ಬಾಗಿಲು ತೆಗೆದರೆ ಸಾಕು.