ಮೂಡಲಪಾಳ್ಯದಲ್ಲಿ ಬಿದ್ದ ಜಪಾನಿನ ಹಿಮ

"ನಿನ್ನ ಕೈಲಿ ಆಗಲ್ಲ ಬಿಡೇ" ಅಂತ ಮೊದಲು ಹೇಳಿದವನು ನಮ್ಮಣ್ಣ. ನಾನು ಹೊಲಿಗೆ ಅಂಗಡಿ ಹಾಕಲು ಹೊರಟಾಗ ಹೇಳಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಲೈಬ್ರರಿ ಕಾರ್ಡು ಮಾಡಿಸಿಕೊಂಡಾಗ ನಕ್ಕ. ಜಪಾನಿನ ಕಥೆಯೊಂದನ್ನು ಗೊಂಬೆ ಸಿನಿಮಾ ಮಾಡ್ತೀನಿ ಅಂದಾಗ ಮಾತ್ರ ನನಗೇನೂ ಹೇಳಲಿಲ್ಲ. ಅತ್ತಿಗೆ ಕಡೆ ತಿರುಗಿ, "ಇವಳಿಗೆ ಒಂದ್ಸಲ ಬೀಪಿ ನೋಡಿಸಬೇಕು ಕಣೇ" ಅಂದ. ಅವನ ಉಪಕಾರ ದೊಡ್ಡದು. ಯಾರಾದರೂ ಆಗಲ್ಲ ಅನ್ನದಿದ್ದರೆ ನನಗೆ ಕೆಲಸವೇ ಹತ್ತುವುದಿಲ್ಲ.

ಅಂಗಡಿ ಇರುವುದು ಮೂಡಲಪಾಳ್ಯದಲ್ಲಿ. ಅದರ ಮೇಲಿನ ಕೋಣೆಯೇ ನಮ್ಮ ಸ್ಟುಡಿಯೋ. ಬ್ಲೌಸ್ ಪೀಸಿನ ಚೂರುಗಳಿಂದ ಗೊಂಬೆ ಹೊಲಿಯುವುದು ನಾನು. ಕ್ಯಾಮೆರಾ, ಕಂಪ್ಯೂಟರ್ ನೋಡಿಕೊಳ್ಳುವುದು ಅನಿಮೇಷನ್ ಓದಿದ ನಮ್ಮಕ್ಕನ ಮಗಳು. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಇನ್ನಷ್ಟು ಸರಿಸಿ ಮತ್ತೊಂದು. ಹೀಗೆ ದಿನವಿಡೀ ತೆಗೆದರೆ ಗೊಂಬೆ ಒಂದು ತುತ್ತು ಬಾಯಿಗಿಟ್ಟಿರುತ್ತದೆ.

ಕಥೆ ಬಹಳ ಚಿಕ್ಕದು. ಹಿಮ ಬೀಳುವ ಸಂಜೆ ಒಬ್ಬ ಮುದುಕ, ಒಬ್ಬ ಮುದುಕಿ ಊಟಕ್ಕೆ ಕೂರುತ್ತಾರೆ. ಹೆಚ್ಚು ಮಾತಿಲ್ಲ. ಮುದುಕ ಮೀನಿನ ಮುಳ್ಳು ಬಿಡಿಸಿ ಹೆಂಡತಿಯ ಬಟ್ಟಲಿಗೆ ಹಾಕುತ್ತಾನೆ. ಅಷ್ಟೇ. ಕನ್ನಡದ ಅನುವಾದದಲ್ಲಿ ಅದನ್ನು ಓದಿದ ದಿನ ನಾನು ಒಂದು ಬ್ಲೌಸಿಗೆ ಎರಡೂ ಎಡಗೈ ತೋಳು ಹಚ್ಚಿದ್ದೆ.

ಕಥೆ ಬರೆದ ಅಜ್ಜ ಜಪಾನಿನಲ್ಲಿ ಇನ್ನೂ ಇದ್ದಾರೆ. ಪತ್ರ ಬರೆದು ಒಪ್ಪಿಗೆ ಕೇಳಿದ್ದಕ್ಕೆ ಅವರದು ಒಂದೇ ಷರತ್ತು: ಪೂರ್ತಿ ಮಾಡಿ ತೋರಿಸಿ, ಮನಸ್ಸಿಗೆ ಬಂದರೆ ಒಪ್ಪಿಗೆ, ಇಲ್ಲದಿದ್ದರೆ ಯಾರಿಗೂ ತೋರಿಸಕೂಡದು. ಅವರು ಬೇಡ ಅಂದರೆ ಒಂದೂವರೆ ವರ್ಷದ ಕೆಲಸ ಗೋವಿಂದ. ಇಂಥ ಕತ್ತಿಯ ಕೆಳಗೆ ಕೂತವರಿಗೇ ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ.

ಹುರಿದ ಹಿಮ

ಹಿಮಕ್ಕೆ ಏನು ಹಾಕುವುದು? ಹತ್ತಿ ಹಾಕಿದರೆ ಹಾಸಿಗೆ ಹರಿದ ಹಾಗೆ ಕಾಣುತ್ತಿತ್ತು. ಚಿರೋಟಿ ರವೆ ಉದುರಿಸಿದೆ. ಎಷ್ಟು ಚೆನ್ನಾಗಿತ್ತೆಂದರೆ ನನಗೇ ಚಳಿಯಾಯಿತು.

ಎರಡು ದಿನದ ಫೋಟೋಗಳನ್ನು ಜೋಡಿಸಿ ನೋಡುತ್ತಿದ್ದ ಹುಡುಗಿ ಕರೆದಳು. "ಚಿಕ್ಕಮ್ಮ, ಹಿಮ ನಡ್ಕೊಂಡು ಹೋಗ್ತಿದೆ."

ನಿಜವೇ. ಅಂಗಳದ ಹಿಮವೆಲ್ಲ ಸಾಲಾಗಿ ಹೊರಟು, ಗೋಡೆ ಹತ್ತಿ, ಸೂರಿನ ಆಚೆ ಮಾಯವಾಗುತ್ತಿತ್ತು. ಇರುವೆಗಳು.

ಓನರ್ ಅಮ್ಮನಿಗೆ ಹೇಳಿಕೊಂಡೆ. ಕಟ್ಟಡ ಅವರದು, ಮೇಲಿನ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಪುಣ್ಯಾತ್ಗಿತ್ತಿ. "ಹಸಿ ರವೆ ಯಾರಾದ್ರೂ ಹಾಗೇ ಇಡ್ತಾರೇನಮ್ಮ? ಹುರಿದಿಡಬೇಕು" ಅಂತ ತಾವೇ ಬಾಣಲೆಯಲ್ಲಿ ಹುರಿದು ಕೊಟ್ಟರು. ಇರುವೆ ಬರಲಿಲ್ಲ. ಹಿಮ ಹೊಂಬಣ್ಣಕ್ಕೆ ತಿರುಗಿ ಘಮಘಮ ಅನ್ನುತ್ತಿತ್ತು. ಮಧ್ಯಾಹ್ನಕ್ಕೆ ಅದನ್ನೇ ಉಪ್ಪಿಟ್ಟು ಮಾಡಿ ತಿಂದೆವು. ಕೊನೆಗೆ ಕೈಹಿಡಿದದ್ದು ಪುಡಿ ಉಪ್ಪು.

ಹಣೆಗೆ ಕುಂಕುಮ

ಒಂದು ದೃಶ್ಯ ಮುಗಿಯುವ ತನಕ ಗೊಂಬೆಗಳನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಬಾಗಿಲಿಗೆ ಬರೆದು ಅಂಟಿಸಿದ್ದೆವು. ಓನರ್ ಅಮ್ಮ ಕನ್ನಡಕ ಕೆಳಗೇ ಬಿಟ್ಟು ಮೇಲೆ ಬಂದಿದ್ದಾರೆ.

ನಾವು ಊಟ ಮುಗಿಸಿ ಬಂದಾಗ ಮುದುಕಿ ಗೊಂಬೆಯ ಹಣೆಯಲ್ಲಿ ಕಾಸಿನಗಲ ಕುಂಕುಮ.

"ಅಮ್ಮ, ಇದೇನು ಮಾಡಿದ್ರಿ?"

"ಏನು ಮಾಡಿದೆ? ಗಂಡ ಗುಂಡುಕಲ್ಲಿನ ಥರ ಎದುರಿಗೇ ಕೂತಿದಾನೆ. ಮುತ್ತೈದೆ ಹಣೆ ಬರಿದು ಬಿಟ್ಟಿದೀಯಲ್ಲ, ನಿನಗೆ ತಿಳಿಯಲ್ವಾ?"

"ಇವರು ಜಪಾನಿನವರು."

"ಆದ್ರೇನಂತೆ? ಇರೋದು ನನ್ನ ಮನೇಲಿ."

ಬಟ್ಟೆಗೆ ಹತ್ತಿದ ಕುಂಕುಮ ಹೋಗಲಿಲ್ಲ, ಮುದುಕಿಗೆ ಹೊಸ ತಲೆ ಹೊಲಿದೆ. ಹಳೆಯ ತಲೆಯನ್ನು ಓನರ್ ಅಮ್ಮ ಕೇಳಿ ಇಸಿದುಕೊಂಡು ದಸರಾಗೆ ಗೊಂಬೆ ಕೂರಿಸಿದಾಗ ಮೇಲಿನ ಮೆಟ್ಟಿಲಲ್ಲೇ ಇಟ್ಟರು. ಜಪಾನಿನ ಮುತ್ತೈದೆಗೆ ಒಂಬತ್ತು ದಿನ ಆರತಿ.

ಗದೆಯ ಗಂಟಲು

ಇಡೀ ಸಿನಿಮಾದಲ್ಲಿ ಇರುವುದು ಒಂದೇ ಮಾತು. ಕೊನೆಯಲ್ಲಿ ಹೊರಗೆ ನೋಡಿ ಮುದುಕ, "ಚಳಿ ಜಾಸ್ತಿ ಆಯ್ತು ಕಣೇ" ಅನ್ನಬೇಕು. ರಾಜಾಜಿನಗರದ ಒಬ್ಬ ಹಿರಿಯರನ್ನು ಕರೆಸಿದೆ. ಫ್ಯಾಕ್ಟರಿಯಿಂದ ನಿವೃತ್ತರು, ಪೌರಾಣಿಕ ನಾಟಕದಲ್ಲಿ ಗದೆ ಹಿಡಿಯುವ ಪಾತ್ರಗಳಿಗೆ ಹೆಸರಾದವರು. ದುಡ್ಡು ಬೇಡ ಅಂದು, ಹೆಂಡತಿಯನ್ನೂ ಕರೆದುಕೊಂಡು ಬಂದರು.

"ಎಲೈ ಚಳಿಯೇ" ಅಂತ ಶುರು ಮಾಡಿದರು. ಕೆಳಗೆ ಟ್ರಯಲ್ ನೋಡುತ್ತಿದ್ದ ಗಿರಾಕಿಯೊಬ್ಬಳು ಬ್ಲೌಸ್ ಹಾಕಿಕೊಂಡೇ ಬೀದಿಗೆ ಓಡಿದಳು.

"ಸ್ವಲ್ಪ ಮೆತ್ತಗೆ ಸಾರ್."

"ಮೆತ್ತಗೆ ಅಂದ್ರೆ ಹಿಂದಿನ ಸಾಲಿಗೆ ಕೇಳ್ಬೇಕಲ್ಲಮ್ಮ?"

ಮಧ್ಯಾಹ್ನದ ತನಕ ಹೀಗೇ ನಡೆಯಿತು. ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿದ್ದೆವು. ಕೊನೆಗೆ ಅವರು ಬೆವರಿ ಕುಸಿದು ಕೂತು, ಹೆಂಡತಿ ಕಡೆ ನೋಡಿ ಸಣ್ಣ ದನಿಯಲ್ಲಿ, "ಸೆಕೆ ಜಾಸ್ತಿ ಆಯ್ತು ಕಣೇ" ಅಂದರು. ಹುಡುಗಿ ಮೈಕ್ ಆರಿಸಿರಲಿಲ್ಲ.

'ಸೆಕೆ' ಕತ್ತರಿಸಿದೆವು. ಈಗ ಹಿಮ ಸುರಿಯುತ್ತದೆ, ಮುದುಕ "ಜಾಸ್ತಿ ಆಯ್ತು ಕಣೇ" ಅನ್ನುತ್ತಾನೆ, ನೋಡಿದವರಿಗೆ ಮೈ ಜುಂ ಅನ್ನುತ್ತದೆ. ಅದನ್ನು ಹಾಕಿ ತೋರಿಸಿದರೆ ಆ ಹಿರಿಯರು ಕೇಳಿದ್ದು ಒಂದೇ: "ಎಲ್ಲ ಸರಿ, ನನ್ನ ಡೈಲಾಗ್ ಎಲ್ಲಿ?"

ಒಪ್ಪಿಗೆಯ ದಿನ

ಕಡೆಗೂ ವಿಡಿಯೋ ಕಾಲ್‌ನಲ್ಲಿ ಜಪಾನಿನ ಅಜ್ಜ ಬಂದರು. ಪಕ್ಕದಲ್ಲಿ ಅವರ ಹೆಂಡತಿ. ಮಾತು ತಿಳಿಸಲು ಜಪಾನಿ ಕಲಿತ ನಾಗರಬಾವಿಯ ಹುಡುಗಿಯೊಬ್ಬಳು ನಮ್ಮ ಜೊತೆ ಕೂತಿದ್ದಳು. ಸಿನಿಮಾ ಮುಗಿಯಿತು. ಅಜ್ಜ ಪರದೆಯ ಹತ್ತಿರ ಬಾಗಿ ಏನೋ ಕೇಳಿದರು. ನಾಗರಬಾವಿಯ ಹುಡುಗಿಯ ಮುಖ ಸಪ್ಪೆಯಾಯಿತು.

"ಆಂಟಿ, ಇವರಿಬ್ಬರೂ ಯಾವಾಗ ಸತ್ತರು ಅಂತ ಕೇಳ್ತಿದಾರೆ."

ಆಮೇಲೆ ತಿಳಿಯಿತು. ಜಪಾನಿನವರ ನಿಲುವಂಗಿ ಕಿಮೋನೋದಲ್ಲಿ ಎಡ ಮಡಿಕೆ ಯಾವಾಗಲೂ ಮೇಲೆ ಬರಬೇಕು. ಬಲ ಮಡಿಕೆ ಮೇಲೆ ಹಾಕುವುದು ಹೆಣಕ್ಕೆ ಮಾತ್ರ. ನಾನು ಜೀವಮಾನವೆಲ್ಲ ಹೆಂಗಸರ ಬಟ್ಟೆ ಹೊಲಿದವಳು, ಬಲಪಟ್ಟಿ ಮೇಲೆ ತಂದೇ ಕೈಗೆ ಅಭ್ಯಾಸ. ಮುದುಕನಿಗೂ ಹಾಗೇ ಹೊಲಿದಿದ್ದೆ. ಇಡೀ ಸಿನಿಮಾದಲ್ಲಿ ಎರಡು ಹೆಣಗಳು ಹಸಿದು ಕೂತು ಊಟ ಮಾಡುತ್ತಿದ್ದವು.

ನಾನು ಪರದೆಗೆ ಕೈಮುಗಿದು ಕ್ಷಮೆ ಕೇಳತೊಡಗಿದೆ. ಅಕ್ಕನ ಮಗಳು ಮಾತ್ರ, "ಒಂದ್ನಿಮಿಷ ಚಿಕ್ಕಮ್ಮ" ಅಂತ ಏನೋ ಒತ್ತಿದಳು. ಕನ್ನಡಿಯಲ್ಲಿ ಕಂಡ ಹಾಗೆ ಚಿತ್ರ ಪೂರ್ತಿ ಎಡಬಲ ತಿರುಗಿತು. ಎಡ ಮಡಿಕೆ ಮೇಲೆ ಬಂತು. ಇಬ್ಬರಿಗೂ ಜೀವ ಬಂತು.

ಆದರೆ ಊಟದ ಕೈಯೂ ತಿರುಗಿತ್ತು. ಮುದುಕ ಎಡಗೈಯಲ್ಲಿ ಮುಳ್ಳು ಬಿಡಿಸಿ ಎಡಗೈಯಲ್ಲೇ ಬಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ತೆಗಿಯೇ ಅದನ್ನ. ಎಡಗೈಲಿ ಬಡಿಸೋದಕ್ಕಿಂತ ಅವರು ಸತ್ತಿರೋದೇ ವಾಸಿ."

ನಾಗರಬಾವಿಯ ಹುಡುಗಿ ಗಾಬರಿಯಲ್ಲಿ ಅದನ್ನೂ ಜಪಾನಿಯಲ್ಲಿ ಹೇಳಿಬಿಟ್ಟಳು. ಎಲ್ಲ ಮುಗಿಯಿತು ಅಂದುಕೊಂಡೆ. ಅಜ್ಜ ಹೆಂಡತಿ ಕಡೆ ತಿರುಗಿದರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ನಗುತ್ತಾ ಪರದೆಯಿಂದ ಆಚೆ ಬಾಗಿಬಿಟ್ಟರು. ಎದ್ದು ಕಣ್ಣೊರೆಸಿಕೊಂಡು ಹೇಳಿದರು: "ಐವತ್ತು ವರ್ಷ ಸಂಸಾರ ಮಾಡಿದೀನಿ. ಇವರು ಕಥೆಯಲ್ಲಿ ಬಿಡಿಸಿದ್ದೇ ಬಂತು, ಮನೆಯಲ್ಲಿ ನನಗೆ ಒಂದು ಮುಳ್ಳೂ ಬಿಡಿಸಿಕೊಟ್ಟಿಲ್ಲ. ಸತ್ತ ಮೇಲಾದರೂ ಬಿಡಿಸ್ತಾರೆ ಅಂತ ಈಗ ನಂಬಿಕೆ ಬಂತು. ಒಪ್ಪಿಗೆ ಕೊಡಿ ಅಂತ ನಾನೇ ಹೇಳ್ತೀನಿ."

ಅಜ್ಜ ಕೊಟ್ಟರು. ಹೆಂಡತಿ ಮುಖ ನೋಡಿಕೊಂಡೇ ಕೊಟ್ಟರು.

ಉಳಿದದ್ದನ್ನೆಲ್ಲ ತಿರುಗಿಸಿ ಇಟ್ಟುಕೊಂಡೆವು. ಊಟದ ದೃಶ್ಯವನ್ನು ಮಾತ್ರ, ಬಟ್ಟೆ ಬಿಚ್ಚಿ ಹೊಲಿದು, ಬಲಗೈಯಲ್ಲೇ ಮತ್ತೆ ತೆಗೆದೆವು.

ಈಗ ನನ್ನದು ಅಂತ ಇರುವುದು ಆರು ನಿಮಿಷದ ಒಂದು ಸಿನಿಮಾ. ಕೊನೆಯಲ್ಲಿ ಅಜ್ಜನ ಹೆಸರು, ಕೆಳಗೆ ನನ್ನ ಹೆಸರು, ಕನ್ನಡದಲ್ಲಿ. ಅದಕ್ಕೆ ತೆತ್ತದ್ದು ದಪ್ಪ ಗಾಜಿನ ಕನ್ನಡಕ, ಮಾರಿದ ಒಂದು ಹೊಲಿಗೆ ಮೆಷಿನ್ನು, ಪೂರ್ತಿ ಒಂದು ವರಮಹಾಲಕ್ಷ್ಮಿ ಸೀಸನ್ನು, ಮತ್ತೆ ಆ ಸೀಸನ್ನಿನಲ್ಲಿ ಎದುರಿನ ಟೈಲರ್ ಹತ್ತಿರ ಹೋಗಿ ಅಲ್ಲೇ ಉಳಿದ ನನ್ನ ಅರ್ಧ ಗಿರಾಕಿಗಳು. ಅವರ ಬ್ಲೌಸು ಭುಜದಲ್ಲಿ ಕೂರುತ್ತಿಲ್ಲ ಅಂತ ಕೇಳಿದೆ.