ಯಾರ ತಲೆ ಮೇಲೂ ಬೀಳದ ಪೆಟ್ಟಿಗೆ

ಮೋಡಕ್ಕಿಂತ ಮೇಲೆ ಬಲೂನು ಹಾರಿಸುವ ಹುಚ್ಚು ನಮ್ಮ ಮೇಷ್ಟ್ರದು. ಅದಕ್ಕೆ ಕಟ್ಟುವ ಉಪಕರಣಗಳ ಪೆಟ್ಟಿಗೆ ವಾಪಸ್ ಬರುವಾಗ ಯಾರ ತಲೆ ಮೇಲೂ ಬೀಳದಂತೆ ನೋಡಿಕೊಳ್ಳುವ ಹೊಣೆ ನನ್ನದು. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದರು, ನಾನು ಅಲ್ಲೇ ಲ್ಯಾಬಿನಲ್ಲಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಪೆಟ್ಟಿಗೆ ಯಾರ ತಲೆ ಮೇಲೂ ಬೀಳಲಿಲ್ಲ. ಮಿಕ್ಕಿದ್ದೆಲ್ಲ ನನ್ನ ತಲೆ ಮೇಲೇ ಬಿತ್ತು, ಅದೂ ವಾರಕ್ಕೊಂದರಂತೆ.

ತೂತು

ಪೆಟ್ಟಿಗೆಯ ಪ್ಯಾರಾಚೂಟ್ ಹೊಲಿಯಲು ಚಾಮರಾಜಪುರಂನ ಟೈಲರ್ ಒಬ್ಬರಿಗೆ ಬಟ್ಟೆ, ಅಳತೆ ಎರಡೂ ಕೊಟ್ಟೆ. ನೆತ್ತಿಯಲ್ಲಿ ಅಂಗೈಯಗಲ ತೂತು ಬಿಡಬೇಕು. ಗಾಳಿ ಅಲ್ಲಿಂದ ಹೋಗದಿದ್ದರೆ ಪ್ಯಾರಾಚೂಟ್ ಓಲಾಡುತ್ತದೆ. ವಾರ ಬಿಟ್ಟು ಹೋದರೆ ಹೊಲಿಗೆ ಅಚ್ಚುಕಟ್ಟು, ತೂತು ಮಾತ್ರ ನಾಪತ್ತೆ.

“ಮನಸ್ಸು ತಡೀಲಿಲ್ಲ ಸಾರ್, ಮುಚ್ಬುಟ್ಟೆ,” ಎಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ ದನಿ ತಗ್ಗಿಸಿದರು. “ನಿಮ್ ಮೈಭಾರಕ್ಕೆ ಇದು ತೂತಿಲ್ದೆ ಇದ್ರೂ ಸಾಕಾಗಲ್ಲ. ಇನ್ನು ತೂತು ಬೇರೆ ಬಿಡ್ಲಾ?”

ಓವರ್

ಪೆಟ್ಟಿಗೆಯನ್ನು ಬಲೂನಿನಿಂದ ಬಿಡಿಸಲು ಕಟರ್ ಮಾಡಿದ್ದೆ. ವೈರ್‌ಲೆಸ್‌ನಲ್ಲಿ ಸಂಕೇತ ಬಂದರೆ ತಂತಿ ಕಾದು ನೈಲಾನ್ ಹುರಿಯನ್ನು ಕರಗಿಸಿ ತುಂಡು ಮಾಡುತ್ತದೆ. ಪರೀಕ್ಷೆಗೆಂದು ಯಾದವಗಿರಿಯ ನಮ್ಮ ಮನೆ ತಾರಸಿಯಲ್ಲಿ ಹುರಿ ಬಿಗಿದು ಕಟರ್ ಸಿಕ್ಕಿಸಿದೆ. ಮೇಷ್ಟ್ರು ಕುವೆಂಪುನಗರದ ತಮ್ಮ ಮನೆಯಿಂದ ಸಂಕೇತ ಕಳಿಸಬೇಕು.

ನಾನು ಕಾಫಿಗೆ ಕೆಳಗಿಳಿದದ್ದೇ ತಪ್ಪಾಯಿತು. ಹೊಸ ಹುರಿ ಕಂಡ ನನ್ನ ಹೆಂಡತಿ ಒಗೆದ ಬೆಡ್‌ಶೀಟುಗಳನ್ನೆಲ್ಲ ಅದರ ಮೇಲೆ ಹರವಿದಳು. ನಾನು ಹತ್ತಿ ಬರುವಷ್ಟರಲ್ಲಿ ಅವೆಲ್ಲ ತಾರಸಿಯ ಪಾಚಿಯ ಮೇಲಿದ್ದವು.

“ಹುರಿ ತುಂಡಾಯ್ತೇನಯ್ಯಾ? ಓವರ್,” ಎಂದು ವೈರ್‌ಲೆಸ್‌ನಲ್ಲಿ ಮೇಷ್ಟ್ರ ಸಂಭ್ರಮ.

ಹೆಂಡತಿ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. “ಆಯ್ತು ಮೇಷ್ಟ್ರೇ. ಸೋಪಿನಪುಡಿ ಕಲಸಿಟ್ಟಿರ್ತೀನಿ, ಬಂದು ಒಗೆದುಕೊಟ್ಟು ಹೋಗಿ. ಓವರ್.”

ಸೂಚನೆ

ಪೆಟ್ಟಿಗೆ ಸಿಕ್ಕವರು ಹೆದರಬಾರದೆಂದು ಮೇಷ್ಟ್ರು ಅದರ ನಾಲ್ಕೂ ಮಗ್ಗುಲಿಗೆ ‘ಇದು ಬಾಂಬ್ ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಕೂತೆ. ಎರಡು ಸ್ಟಾಪು ದಾಟುವುದರೊಳಗೆ ನನ್ನ ಸುತ್ತಲಿನ ಸೀಟುಗಳೆಲ್ಲ ಖಾಲಿ. ಕಂಡಕ್ಟರ್ ದೂರದಿಂದಲೇ ಸೀಟಿ ಊದಿದರು.

“ಇಳೀರಿ ಸ್ವಾಮಿ!”

“ಬಾಂಬ್ ಅಲ್ಲ ಅಂತ ಬರೆದಿದೆಯಲ್ರೀ!”

“ಅದಕ್ಕೇ ಇಳೀರಿ ಅಂದಿದ್ದು. ನನ್ನ ಊಟದ ಡಬ್ಬಿ ಮೇಲೆ ನಾನೇನು ಇದು ಬಾಂಬ್ ಅಲ್ಲ ಅಂತ ಬರ್ಕೊಂಡಿದೀನಾ?”

ಉದ್ಘಾಟನೆ

ಅನುಮತಿಗೆ ತಿಂಗಳುಗಟ್ಟಲೆ ಅಲೆದು, ಅಂತೂ ಹಾರಿಸುವ ದಿನ ಬಂತು. ಇದ್ದದ್ದು ಒಂದೇ ಬಲೂನು, ಒಂದೇ ಸಿಲಿಂಡರ್ ಗ್ಯಾಸು. ಮುಖ್ಯ ಅತಿಥಿ ಒಬ್ಬ ನಿವೃತ್ತ ಅಧಿಕಾರಿ.

ಮೇಲೆ ಬಲೂನು, ಅದರ ಹುರಿಗೆ ಪ್ಯಾರಾಚೂಟು, ಪೆಟ್ಟಿಗೆ. ಪೆಟ್ಟಿಗೆಯಿಂದ ನೆಲದ ಗೂಟಕ್ಕೆ ಕಟ್ಟಿದ ಹಗ್ಗಕ್ಕೊಂದು ಕೆಂಪು ರಿಬ್ಬನ್. ಆ ಹಗ್ಗ ಕತ್ತರಿಸಿದರೆ ಎಲ್ಲವೂ ಒಟ್ಟಿಗೆ ಮೇಲೇರಬೇಕು. ಫೋಟೋದಲ್ಲಿ ಬಲೂನೂ ಬರಲೆಂದು ಎಲ್ಲವನ್ನೂ ತಗ್ಗಿಸಿ ಹಿಡಿದಿದ್ದೆವು. ಹುರಿ, ಹಗ್ಗ ಎರಡೂ ಅತಿಥಿಗಳ ಕೈಗೆಟುಕುತ್ತಿದ್ದವು.

“ರಿಬ್ಬನ್ ಇರೋ ಕಡೆ ಸಾರ್,” ಎಂದು ಮೂರು ಸಲ ಹೇಳಿದೆ. ಅವರು ತಲೆಯಾಡಿಸಿದರು, ಕತ್ತರಿ ಎತ್ತಿದರು, ಭಕ್ತಿಯಿಂದ ಕಣ್ಣು ಮುಚ್ಚಿ ಕೈಗೆ ಸಿಕ್ಕದ್ದನ್ನು ಕತ್ತರಿಸಿದರು. ಸಿಕ್ಕದ್ದು ಬಲೂನಿನ ಹುರಿ.

ಬಲೂನು ಒಂಟಿಯಾಗಿ ಆಕಾಶಕ್ಕೆ ಜಿಗಿಯಿತು. ಪೆಟ್ಟಿಗೆ ಧೊಪ್ಪನೆ ಅವರ ಕಾಲ ಬಳಿ ಬಿತ್ತು. ಮೇಷ್ಟ್ರು ಅಲ್ಲೇ ಕುಸಿದು ಕೂತರು. ನನಗೆ ಅಳುವೇ ಬಂತು.

ಅತಿಥಿಗಳು ಕಣ್ಣು ಬಿಟ್ಟರು. ಮೇಲೆ ಚುಕ್ಕಿಯಾಗುತ್ತಿದ್ದ ಬಲೂನು ನೋಡಿದರು, ಕೆಳಗೆ ಪೆಟ್ಟಿಗೆ ನೋಡಿದರು, ನನ್ನ ಕೈ ಹಿಡಿದು ಕುಲುಕಿದರು.

“ಭೇಷ್ ಕಣ್ರೀ! ನಾನು ಕಣ್ಣು ಬಿಡೋದ್ರೊಳಗೆ ಹೋಗಿ, ವಾಪಸ್ಸೂ ಬಂದ್ಬುಡ್ತಲ್ರೀ!”